ನೀರಿನಿಂದ ಹೈಡ್ರೋಜನ್: ಬೆಳಗಾವಿ, ಬಾಗಲಕೋಟೆ, ವಿಜಯಪುರದವರು ಯಾವ ದಾರಿ ಹಿಡಿಯಬೇಕು?

ಸಕ್ಕರೆ ಕಾರ್ಖಾನೆಯ ಷೇರುದಾರರ ಸಭೆಗಳಲ್ಲಿ ಮೊದಲು ಕೋಜನ್ ಮಾತಿತ್ತು, ಅಂದರೆ ಕಬ್ಬಿನ ಸಿಪ್ಪೆ ಸುಟ್ಟು ಹಬೆಯ ಜತೆಗೆ ಕರೆಂಟನ್ನೂ ಮಾಡುವುದು. ಆಮೇಲೆ ಇಥೆನಾಲ್ ಬಂತು. ಈಗ ಹೈಡ್ರೋಜನ್ ಸರದಿ. 2023ರ ಜನವರಿಯಲ್ಲಿ ಕೇಂದ್ರ ಸರ್ಕಾರ 19,744 ಕೋಟಿ ರೂಪಾಯಿಯ ರಾಷ್ಟ್ರೀಯ ಹಸಿರು ಹೈಡ್ರೋಜನ್ ಮಿಷನ್‌ಗೆ ಒಪ್ಪಿಗೆ ಕೊಟ್ಟ ಮೇಲಂತೂ ಈ ಮಾತು ಇನ್ನೂ ಜಾಸ್ತಿಯಾಗಿದೆ. ಅದರಲ್ಲಿ ಒಂದು ಸಂಗತಿ ಎಲ್ಲರ ಕಿವಿ ನೆಟ್ಟಗೆ ಮಾಡುತ್ತದೆ: ಕರೆಂಟಿನ ಹಂಗಿಲ್ಲದೆ, ಬರೀ ಶಾಖದಿಂದಲೇ ನೀರನ್ನು ಒಡೆದು ಹೈಡ್ರೋಜನ್ ತೆಗೆಯಬಹುದು. ನಮ್ಮಲ್ಲಿ ಬಾಯ್ಲರ್‌ಗಳಿಗೆ ಬರವಿಲ್ಲ, ಸಿಮೆಂಟ್ ಗೂಡುಗಳಿಗೂ ಬರವಿಲ್ಲ. ಹಾಗಾದರೆ ನಾವೇ ಮಾಡಬಹುದಲ್ವಾ?

ಮಾಡಬಹುದೋ ಇಲ್ಲವೋ ಎಂಬುದು ಎರಡು ಸಂಗತಿಗಳ ಮೇಲೆ ನಿಂತಿದೆ. ನಿಮ್ಮ ಬಳಿ ಇರುವ ಶಾಖ ಎಷ್ಟು ಡಿಗ್ರಿಯದ್ದು? ಅದು ವರ್ಷಕ್ಕೆ ಎಷ್ಟು ತಿಂಗಳು ಸಿಗುತ್ತದೆ? ಮಿಕ್ಕ ಲೆಕ್ಕವೆಲ್ಲ ಆಮೇಲೆ. ಮುಂದೆ ಬರುವ ಡಿಗ್ರಿಗಳೆಲ್ಲ ಸೆಲ್ಸಿಯಸ್‌ನಲ್ಲಿವೆ.

ಶಾಖದ ದಾರಿ ಅಂದರೆ ಏನು

ನೀರನ್ನು ಸುಮ್ನೆ ಕಾಯಿಸುತ್ತಾ ಹೋದರೆ ಹಬೆಯಾಗುತ್ತದೆಯೇ ಹೊರತು ಒಡೆಯುವುದಿಲ್ಲ. ಒಡೆಯಲು ಶುರುವಾಗಬೇಕಾದರೆ 2000 ಡಿಗ್ರಿ ದಾಟಬೇಕು. ಆಗಲೂ ಒಡೆಯುವುದು ಸ್ವಲ್ಪವೇ. ಅಷ್ಟು ಬಿಸಿ ತಡೆಯುವ ಪಾತ್ರೆ ಸಿಗುವುದೂ ಕಷ್ಟ, ಹೈಡ್ರೋಜನ್ ಮತ್ತು ಆಮ್ಲಜನಕವನ್ನು ಅಲ್ಲೇ ಬೇರೆ ಮಾಡುವುದೂ ಕಷ್ಟ. ಅದಕ್ಕೇ ಮಧ್ಯೆ ಒಂದೆರಡು ರಾಸಾಯನಿಕಗಳನ್ನು ತರುತ್ತಾರೆ. ಅವು ಒಂದು ಹಂತದಲ್ಲಿ ಹೈಡ್ರೋಜನ್ ಬಿಡುತ್ತವೆ, ಇನ್ನೊಂದು ಹಂತದಲ್ಲಿ ಆಮ್ಲಜನಕ ಬಿಡುತ್ತವೆ, ಕೊನೆಗೆ ಮೊದಲಿನ ರೂಪಕ್ಕೇ ಮರಳುತ್ತವೆ. ಒಳಗೆ ಹೋಗುವುದು ನೀರು ಮತ್ತು ಶಾಖ ಮಾತ್ರ. ಇದೇ ಥರ್ಮೋಕೆಮಿಕಲ್ ಚಕ್ರ. ಕಾಗದದ ಮೇಲೆ ಇಂಥ ಚಕ್ರಗಳು ನೂರಾರು ಇವೆ. ನಿಜವಾಗಿ ಕೈಹಚ್ಚಿ ಕೆಲಸ ಮಾಡಿರುವುದು ಬೆರಳೆಣಿಕೆಯಷ್ಟು.

ಇದರ ಆಸೆ ಎಲ್ಲಿಂದ ಹುಟ್ಟಿತು ಅಂದರೆ ಈ ಲೆಕ್ಕದಿಂದ. ಶಾಖದಿಂದ ಕರೆಂಟ್ ಮಾಡುವಾಗಲೇ ಸಾಮಾನ್ಯವಾಗಿ ಮೂರರಲ್ಲಿ ಎರಡು ಪಾಲು ಹೋಗಿಬಿಡುತ್ತದೆ. ಆ ಕರೆಂಟಿನಿಂದ ನೀರು ಒಡೆಯುವಾಗ ಮತ್ತೆ ಮೂರರಲ್ಲಿ ಒಂದು ಪಾಲು ಹೋಗುತ್ತದೆ. ಕೈಗೆ ಉಳಿಯುವುದು ನೂರಕ್ಕೆ ಇಪ್ಪತ್ತು ಚಿಲ್ಲರೆ. ಟರ್ಬೈನ್ ಬಿಟ್ಟು ಶಾಖವನ್ನು ನೇರವಾಗಿ ಬಳಸಿದರೆ 40ರ ಆಸುಪಾಸು ಸಿಗಬಹುದು ಎಂದು ಕಾಗದದ ಲೆಕ್ಕ ಹೇಳುತ್ತದೆ.

ಗಂಧಕ–ಅಯೋಡಿನ್: ದೊಡ್ಡ ಹೆಸರು, ದೊಡ್ಡ ತಲೆನೋವು

ಈ ಕುಟುಂಬದಲ್ಲಿ ಹಿರಿಯಣ್ಣ ಇದೇ. 1970ರ ದಶಕದಲ್ಲಿ ಅಮೆರಿಕದ ಜನರಲ್ ಅಟಾಮಿಕ್ಸ್ ಕಂಪನಿ ರೂಪಿಸಿದ್ದು. ಮೂರು ಹಂತ. ಅಯೋಡಿನ್, ಗಂಧಕದ ಡೈಆಕ್ಸೈಡ್ ಮತ್ತು ನೀರು 120 ಡಿಗ್ರಿಯ ಸುತ್ತ ಸೇರಿ ಎರಡು ಆಮ್ಲಗಳಾಗುತ್ತವೆ. ಅದರಲ್ಲಿ ಸಲ್ಫ್ಯೂರಿಕ್ ಆಮ್ಲವನ್ನು 850 ಡಿಗ್ರಿಯ ಹತ್ತಿರ ಕಾಯಿಸಿ ಆಮ್ಲಜನಕ ತೆಗೆಯುತ್ತಾರೆ. ಇನ್ನೊಂದು ಆಮ್ಲವಾದ ಹೈಡ್ರೋಜನ್ ಅಯೋಡೈಡ್ ಅನ್ನು 300ರಿಂದ 450 ಡಿಗ್ರಿಯಲ್ಲಿ ಒಡೆದು ಹೈಡ್ರೋಜನ್ ತೆಗೆಯುತ್ತಾರೆ.

ಓದಲು ಸಲೀಸು. ಪೈಪಿನ ಒಳಗೆ ನೋಡಿದರೆ ಬೇರೆಯೇ ಕಥೆ. ಅಯೋಡಿನ್ ಕರಗುವುದು ಸುಮಾರು 114 ಡಿಗ್ರಿಯಲ್ಲಿ. ಕೊಳವೆಯ ಒಂದು ಮೂಲೆ ಅದಕ್ಕಿಂತ ತಣ್ಣಗಾದರೂ ಸಾಕು, ಮಹಾಲಿಂಗಪುರದ ಗಾಣದಲ್ಲಿ ಪಾಕ ಇಳಿಸುವುದು ತಡವಾದರೆ ಕೊಪ್ಪರಿಗೆಯಲ್ಲೇ ಬೆಲ್ಲ ಕಚ್ಚಿಕೊಳ್ಳುವಂತೆ ಅದು ಅಲ್ಲೇ ಗಟ್ಟಿಯಾಗಿ ಕೂರುತ್ತದೆ. ವ್ಯತ್ಯಾಸ ಇಷ್ಟೇ: ಇಲ್ಲಿ ಸುತ್ತಲೂ ಇರುವುದು ಕಬ್ಬಿಣ ತಿನ್ನುವ ಆಮ್ಲ. ಕೊಡತಿಯಿಂದ ಬಡಿದು ಬಿಡಿಸಲು ಆಗುವುದಿಲ್ಲ.

ಪ್ರಮಾಣವನ್ನೂ ನೋಡಿ. ಒಂದು ಕೆಜಿ ಹೈಡ್ರೋಜನ್‌ಗೆ ಲೆಕ್ಕದ ಪ್ರಕಾರವೇ 126 ಕೆಜಿ ಅಯೋಡಿನ್ ಸುತ್ತುತ್ತಿರಬೇಕು. ಎರಡು ಆಮ್ಲಗಳು ಬೇರೆಬೇರೆ ಪದರವಾಗಿ ನಿಲ್ಲಬೇಕಾದರೆ ಅದರ ಹಲವು ಪಟ್ಟು ಹೆಚ್ಚುವರಿ ಹಾಕಬೇಕು. ಅಯೋಡಿನ್ ಹೆಚ್ಚಾಗಿ ಬರುವುದು ಚಿಲಿ ಮತ್ತು ಜಪಾನ್‌ನಿಂದ, ಬೆಲೆ ಕೆಜಿಗೆ ಸಾವಿರಾರು ರೂಪಾಯಿ. ಸಾವಿರದಲ್ಲಿ ಒಂದು ಪಾಲು ಸೋರಿದರೂ ಪ್ರತಿ ಕೆಜಿ ಹೈಡ್ರೋಜನ್‌ಗೆ 126 ಗ್ರಾಂ ಅಯೋಡಿನ್ ಕಳೆದುಕೊಂಡಂತೆ. ವ್ಯಾಪಾರ ಅಲ್ಲಿಗೇ ಮುಗಿಯಿತು.

ಇದರಲ್ಲಿ ತುಂಬಾ ಮುಂದೆ ಹೋದವರು ಜಪಾನಿನ ಅಣುಶಕ್ತಿ ಸಂಸ್ಥೆಯವರು. ಅವರ ಪರೀಕ್ಷಾ ಘಟಕ 2019ರಲ್ಲಿ ಗಂಟೆಗೆ ಸುಮಾರು 30 ಲೀಟರ್‌ನಂತೆ 150 ಗಂಟೆ ಓಡಿತು. ಒಟ್ಟು 4,500 ಲೀಟರ್ ಅನಿಲ. ತೂಕಕ್ಕೆ ಹಾಕಿದರೆ ಅರ್ಧ ಕೆಜಿಯೂ ಇಲ್ಲ. ಅಂಗಡಿಯಲ್ಲಿ ಸಿಗುವ ದೊಡ್ಡ ಸಿಲಿಂಡರ್ ಒಂದರಲ್ಲಿ ಅದಕ್ಕಿಂತ ಜಾಸ್ತಿ ಇರುತ್ತದೆ. ಇದನ್ನು ಅವರ ಕೆಲಸವನ್ನು ಹಗುರ ಮಾಡಲು ಹೇಳುತ್ತಿಲ್ಲ. ಅಷ್ಟು ಹೊತ್ತು ಸೋರದೆ, ಕಟ್ಟಿಕೊಳ್ಳದೆ ಓಡಿದ್ದೇ ದೊಡ್ಡ ಸಾಧನೆ. ನಮ್ಮ ಭಾಭಾ ಅಣು ಸಂಶೋಧನಾ ಕೇಂದ್ರದವರೂ ಗಾಜಿನ ಉಪಕರಣಗಳಲ್ಲಿ ಇಡೀ ಚಕ್ರವನ್ನು ಸುತ್ತಿಸಿ ತೋರಿಸಿದ್ದಾರೆ.

ಶಾಖ ಎಲ್ಲಿಂದ ತರುವುದು? ಜಪಾನಿನವರ ಬಳಿ ಹೀಲಿಯಂ ಹರಿಯುವ ಪ್ರಾಯೋಗಿಕ ರಿಯಾಕ್ಟರ್ ಇದೆ. 2004ರಲ್ಲಿ ಅದರಿಂದ ಹೊರಬರುವ ಅನಿಲ 950 ಡಿಗ್ರಿ ಮುಟ್ಟಿತು. ನಮ್ಮ ಪಕ್ಕದ ಕೈಗಾ ಅಣುವಿದ್ಯುತ್ ಕೇಂದ್ರ ನೆನಪಾಗುವುದು ಸಹಜ. ಆದರೆ ಅಲ್ಲಿನ ರಿಯಾಕ್ಟರ್‌ಗಳಿಂದ ಭಾರಜಲ ಹೊರಬರುವುದು 300 ಡಿಗ್ರಿಯ ಆಸುಪಾಸಿನಲ್ಲಿ. 850 ಕೇಳುವ ಚಕ್ರಕ್ಕೆ ಅದು ಸಾಲದು. ಹಾಗಾಗಿ ಈ ದಾರಿ ನಮ್ಮ ಮೂರು ಜಿಲ್ಲೆಗಳಲ್ಲಿ ಯಾರಿಗೂ ಅಲ್ಲ.

ಇದರದ್ದೇ ತಮ್ಮನಂತಿರುವ ಹೈಬ್ರಿಡ್ ಗಂಧಕ ಚಕ್ರ ಅಯೋಡಿನ್ ಅನ್ನು ಪೂರ್ತಿ ಬಿಟ್ಟು, ಆ ಜಾಗದಲ್ಲಿ ಸ್ವಲ್ಪ ಕರೆಂಟ್ ಬಳಸುತ್ತದೆ. ಒಳ್ಳೆಯ ಉಪಾಯವೇ. ಆದರೆ ಅದಕ್ಕೂ 850 ಡಿಗ್ರಿ ಬೇಕೇ ಬೇಕು.

ತಾಮ್ರ–ಕ್ಲೋರಿನ್: ನಮ್ಮ ಬಾಯ್ಲರ್‌ಗೆ ಹತ್ತಿರ ಬರುವ ಚಕ್ರ

ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಈ ಚಕ್ರದಲ್ಲಿ ಅತಿ ಬಿಸಿ ಹಂತಕ್ಕೆ 530 ಡಿಗ್ರಿ ಸಾಕು. ಕೆನಡಾದ ಒಂಟಾರಿಯೋ ಟೆಕ್ ವಿಶ್ವವಿದ್ಯಾಲಯದವರು ಇದರ ಹಿಂದೆ ವರ್ಷಗಟ್ಟಲೆ ಬಿದ್ದಿದ್ದಾರೆ. ನಮ್ಮಲ್ಲಿ ಒಎನ್‌ಜಿಸಿ ಎನರ್ಜಿ ಸೆಂಟರ್ ಮತ್ತು ಮುಂಬೈನ ಇನ್‌ಸ್ಟಿಟ್ಯೂಟ್ ಆಫ್ ಕೆಮಿಕಲ್ ಟೆಕ್ನಾಲಜಿ ಸೇರಿ ತಮ್ಮದೇ ರೂಪ ಬೆಳೆಸಿವೆ.

ತಾಮ್ರದ ಕ್ಲೋರೈಡ್ ಪುಡಿಗೆ 400 ಡಿಗ್ರಿಯ ಸುತ್ತ ಹಬೆ ಹಾಯಿಸುತ್ತಾರೆ. ಆಕ್ಸಿಕ್ಲೋರೈಡ್ ಮತ್ತು ಹೈಡ್ರೋಕ್ಲೋರಿಕ್ ಆಮ್ಲ ಹುಟ್ಟುತ್ತವೆ. ಆ ಆಕ್ಸಿಕ್ಲೋರೈಡ್ ಅನ್ನು 530ಕ್ಕೆ ಒಯ್ದರೆ ಆಮ್ಲಜನಕ ಬಿಡುತ್ತದೆ, ಕರಗಿದ ಕ್ಲೋರೈಡ್ ಉಳಿಯುತ್ತದೆ. ಕೊನೆಗೆ ಅದನ್ನೂ ಆಮ್ಲವನ್ನೂ ಸೇರಿಸಿ ಸಣ್ಣ ವೋಲ್ಟೇಜಿನಲ್ಲಿ ಕರೆಂಟ್ ಹಾಯಿಸಿದರೆ ಹೈಡ್ರೋಜನ್. ಅಂದರೆ ಕರೆಂಟ್ ಬೇಡವೇ ಬೇಡ ಎಂಬ ಮಾತು ಇಲ್ಲಿ ನಡೆಯುವುದಿಲ್ಲ, ಕಡಿಮೆ ಸಾಕು ಅಷ್ಟೇ.

ಈಗ ನಮ್ಮ ಸಕ್ಕರೆ ಕಾರ್ಖಾನೆಗೆ ಬನ್ನಿ. ಕೋಜನ್ ಇರುವ ಹೊಸ ಕಾರ್ಖಾನೆಗಳಲ್ಲಿ ಚದರ ಸೆಂಟಿಮೀಟರಿಗೆ 87 ಅಥವಾ 110 ಕೆಜಿ ಒತ್ತಡದ ಬಾಯ್ಲರ್, ಹಬೆ 515ರಿಂದ 540 ಡಿಗ್ರಿ. 530 ಬೇಕು, 540 ಇದೆ, ಸರಿಹೋಯಿತಲ್ಲ ಎನಿಸುತ್ತದೆ. ಇಲ್ಲೇ ಎಡವುವುದು. ಮೀಟರ್ 540 ತೋರಿಸಿದರೂ ಆ ಹಬೆಯ ಶಾಖವೆಲ್ಲ 540ರಲ್ಲಿ ಸಿಗುವುದಿಲ್ಲ. 540ರಿಂದ 530ಕ್ಕೆ ಇಳಿಯುವಾಗ ಅದು ಬಿಟ್ಟುಕೊಡುವುದು ಒಟ್ಟು ಶಾಖದ ನೂರರಲ್ಲಿ ಒಂದು ಪಾಲೂ ಅಲ್ಲ. 110 ಕೆಜಿ ಒತ್ತಡದಲ್ಲಿ ಹಬೆ ಮತ್ತೆ ನೀರಾಗುವುದು 318 ಡಿಗ್ರಿಯ ಹತ್ತಿರ, ಶಾಖದ ದೊಡ್ಡ ಗಂಟು ಬಿಚ್ಚುವುದು ಅಲ್ಲಿ. ಹಾಗಾಗಿ ಈ ಚಕ್ರ ನಡೆಸಬೇಕಾದರೆ ಹಬೆಯನ್ನು ನಂಬಿದರೆ ಆಗದು. ಸಾವಿರ ಡಿಗ್ರಿ ಆಸುಪಾಸಿನ ಕುಲುಮೆಯ ಹೊಗೆಯಿಂದಲೇ ಶಾಖ ತೆಗೆಯಬೇಕು. ಅದಕ್ಕೆ ಬಾಯ್ಲರ್ ಅನ್ನೇ ಬೇರೆ ಥರ ಕಟ್ಟಬೇಕು.

ಎರಡನೆಯ ತೊಡಕು ಹಂಗಾಮು. ಕಬ್ಬು ನುರಿಸುವುದು ಅಕ್ಟೋಬರ್–ನವೆಂಬರ್‌ನಿಂದ ಮಾರ್ಚ್–ಏಪ್ರಿಲ್‌ವರೆಗೆ. ಕಬ್ಬು ಕಡಿಮೆಯಾದ ವರ್ಷ ಇನ್ನೂ ಬೇಗ ಮುಗಿಯುತ್ತದೆ. ಕರಗಿದ ಲವಣ, ಆಮ್ಲ, ಪುಡಿ ತುಂಬಿದ ಘಟಕವನ್ನು ಆರು ತಿಂಗಳು ತಣ್ಣಗೆ ಬಿಟ್ಟು ಮತ್ತೆ ಎಬ್ಬಿಸುವುದು ಮಿಲ್ ರೋಲರ್ ಎಬ್ಬಿಸಿದಷ್ಟು ಸುಲಭವಲ್ಲ.

ಹಾಗಾದರೆ ವರ್ಷವಿಡೀ ಉರಿಯುವ ಕೂಡಗಿ ಉಷ್ಣವಿದ್ಯುತ್ ಕೇಂದ್ರ? ಅಲ್ಲಿ 800 ಮೆಗಾವಾಟ್‌ನ ಮೂರು ಘಟಕ, ಹಬೆ 560 ಡಿಗ್ರಿ ದಾಟಿದ್ದು. ಮೀಟರ್ ಲೆಕ್ಕದಲ್ಲಿ ಡಿಗ್ರಿ ಸಾಕು. ಆದರೆ ಉರಿಯುವುದು ಕಲ್ಲಿದ್ದಲು. ಕಲ್ಲಿದ್ದಲಿನ ಶಾಖದಿಂದ ತೆಗೆದ ಹೈಡ್ರೋಜನ್‌ಗೆ ಶುದ್ಧ ಎಂದು ಚೀಟಿ ಅಂಟಿಸಲು ಬರುವುದಿಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ಶಾಖದ ದಾರಿಗಳಲ್ಲಿ ನಾವು ಕಣ್ಣಿಡಬೇಕಾದ್ದು ಇದೊಂದರ ಮೇಲೆಯೇ. ದುಡ್ಡು ಹಾಕುವುದಕ್ಕಲ್ಲ, ಕಣ್ಣಿಡುವುದಕ್ಕೆ.

ಬಿಸಿಲಿನಿಂದ 1500 ಡಿಗ್ರಿ

ವಿಜಯಪುರದ ಏಪ್ರಿಲ್ ಬಿಸಿಲು ನೋಡಿದವರಿಗೆ ಈ ದಾರಿ ಆಸೆ ಹುಟ್ಟಿಸುತ್ತದೆ. ಕನ್ನಡಿಗಳಿಂದ ಬಿಸಿಲನ್ನು ಒಂದೇ ಕಡೆ ಕೂಡಿಸಿ ಸೀರಿಯಂ ಆಕ್ಸೈಡ್ ಅನ್ನು 1400ರಿಂದ 1500 ಡಿಗ್ರಿಗೆ ಕಾಯಿಸಿದರೆ ಅದು ಸ್ವಲ್ಪ ಆಮ್ಲಜನಕ ಬಿಡುತ್ತದೆ. ತಣ್ಣಗೆ ಮಾಡಿ ಹಬೆ ಹಾಯಿಸಿದರೆ ಹಬೆಯಿಂದ ಆಮ್ಲಜನಕ ಕಿತ್ತುಕೊಂಡು ಹೈಡ್ರೋಜನ್ ಬಿಡುತ್ತದೆ. ಎರಡೇ ಹಂತ, ಆಮ್ಲವಿಲ್ಲ, ಸೋರುವ ಅಯೋಡಿನ್ ಇಲ್ಲ. ಇದೇ ಬಗೆಯ ಲೋಹದ ಆಕ್ಸೈಡ್ ಚಕ್ರಕ್ಕೆ ಸ್ಪೇನಿನ ಅಲ್ಮೆರಿಯಾದಲ್ಲಿ 750 ಕಿಲೋವಾಟ್‌ನ ಗೋಪುರ ಘಟಕ ಕಟ್ಟಿದ್ದಾರೆ. ಮಾಡ್ರಿಡ್ ಹತ್ತಿರದ ಇನ್ನೊಂದು ಗೋಪುರದಲ್ಲಿ ಸೀರಿಯಂ ಆಕ್ಸೈಡ್‌ನಿಂದಲೇ ನೀರು ಮತ್ತು ಕಾರ್ಬನ್ ಡೈಆಕ್ಸೈಡ್ ಎರಡನ್ನೂ ಒಡೆದಾಗ, ಬಿದ್ದ ಬಿಸಿಲಿನ ನೂರರಲ್ಲಿ 4.1 ಪಾಲು ಇಂಧನವಾಯಿತು.

ನೂರಕ್ಕೆ 4.1. ಅದೇ ಬಿಸಿಲು ಸಾಮಾನ್ಯ ಸೋಲಾರ್ ಪ್ಯಾನೆಲ್ ಮೇಲೆ ಬಿದ್ದು, ಆ ಕರೆಂಟಿನಿಂದ ನೀರು ಒಡೆದರೆ 12–13 ಪಾಲು ಸಿಗುತ್ತದೆ. ಪ್ಯಾನೆಲ್ ಮೋಡದ ಮಬ್ಬು ಬೆಳಕಿನಲ್ಲೂ ಸ್ವಲ್ಪ ಕೆಲಸ ಮಾಡುತ್ತದೆ, ಕನ್ನಡಿಗೆ ನೇರ ಬಿಸಿಲೇ ಬೇಕು. ಜೂನ್‌ನಿಂದ ಸೆಪ್ಟೆಂಬರ್ ಮೋಡ, ಬೇಸಿಗೆಯಲ್ಲಿ ಎರೆಮಣ್ಣಿನ ಧೂಳು. ಸದ್ಯಕ್ಕೆ ಬೇಡ.

ಬಾಗಲಕೋಟೆ, ಲೋಕಾಪುರದ ಕಡೆಯವರು ಒಂದು ಪ್ರಶ್ನೆ ಕೇಳಬಹುದು: ನಮ್ಮ ಸಿಮೆಂಟ್ ಗೂಡಿನಲ್ಲಿ ಕ್ಲಿಂಕರ್ 1450 ಡಿಗ್ರಿಗೆ ಬೇಯುತ್ತದಲ್ಲ? ಬೇಯುತ್ತದೆ. ಆದರೆ ಆ ಶಾಖವನ್ನು ಗೂಡೇ ಪೂರ್ತಿ ಬಳಸಿಕೊಳ್ಳುತ್ತದೆ. ಚಿಮಣಿ ಕಡೆಗೆ ವ್ಯರ್ಥವಾಗಿ ಹೋಗುವ ಗಾಳಿ 300–350 ಡಿಗ್ರಿಯದ್ದು. ಅದರಿಂದ ಕರೆಂಟ್ ಮಾಡಬಹುದು, ಈ ಯಾವ ಚಕ್ರವನ್ನೂ ಓಡಿಸಲು ಆಗದು.

ಕರೆಂಟಿನ ದಾರಿ

ಕರೆಂಟ್ ಹಾಯಿಸಿ ನೀರು ಒಡೆಯುವ ಎಲೆಕ್ಟ್ರೊಲೈಸರ್ ಇಂದೇ ಆರ್ಡರ್ ಕೊಟ್ಟು ತರಿಸಬಹುದಾದ ಯಂತ್ರ. ಒಂದು ಕೆಜಿ ಹೈಡ್ರೋಜನ್‌ಗೆ 50ರಿಂದ 55 ಯೂನಿಟ್ ಕರೆಂಟ್, ಕನಿಷ್ಠ 9 ಲೀಟರ್ ಶುದ್ಧ ನೀರು. ಜತೆಗೆ 8 ಕೆಜಿ ಆಮ್ಲಜನಕ ಪುಕ್ಕಟೆ. ಯೂನಿಟ್‌ಗೆ 7 ರೂಪಾಯಿ ಹಿಡಿದರೆ ಕರೆಂಟ್ ಬಿಲ್ಲೇ ಕೆಜಿಗೆ 350 ದಾಟುತ್ತದೆ. ಸ್ವಂತ ಪ್ಯಾನೆಲ್ ಹಾಕುವುದಾದರೆ, ಕಿಲೋವಾಟ್‌ಗೆ ದಿನಕ್ಕೆ ಸುಮಾರು 4 ಯೂನಿಟ್ ಲೆಕ್ಕದಲ್ಲಿ, ದಿನಕ್ಕೊಂದು ಕೆಜಿಗೆ 13 ಕಿಲೋವಾಟ್ ಪ್ಯಾನೆಲ್ ಬೇಕು.

ಮುಖ್ಯವಾಗಿ ಮೂರು ಬಗೆ ಇವೆ. ಆಲ್ಕಲೈನ್ ಹಳೆಯದು, ಗಟ್ಟಿಮುಟ್ಟು, ಕಾಸ್ಟಿಕ್ ಪೊಟ್ಯಾಶ್ ದ್ರಾವಣದಲ್ಲಿ ನಡೆಯುತ್ತದೆ. ಪೆಮ್, ಅಂದರೆ ತೆಳು ಪಾಲಿಮರ್ ಪೊರೆಯ ಬಗೆಯದು ಸೋಲಾರ್ ಏರಿಳಿತಕ್ಕೆ ಬೇಗ ಹೊಂದಿಕೊಳ್ಳುತ್ತದೆ, ಆದರೆ ಇರಿಡಿಯಂ, ಪ್ಲಾಟಿನಂ ಕೇಳುತ್ತದೆ. ಮೂರನೆಯದು 700–850 ಡಿಗ್ರಿಯಲ್ಲಿ ನಡೆಯುವ ಘನ ಆಕ್ಸೈಡ್ ಬಗೆ. ಇದಕ್ಕೆ ನೀರಿನ ಬದಲು ಹಬೆ ಕೊಟ್ಟರೆ 40 ಯೂನಿಟ್ ಆಸುಪಾಸಿನಲ್ಲಿ ಕೆಲಸ ಮುಗಿಯುತ್ತದೆ. ವಿಶೇಷ ಏನೆಂದರೆ ಹೊರಗಿನಿಂದ ಕೊಡಬೇಕಾದ ಹಬೆ 150 ಡಿಗ್ರಿಯದ್ದಾದರೂ ನಡೆಯುತ್ತದೆ, ಉಳಿದ ಬಿಸಿಯನ್ನು ಅದು ಒಳಗೇ ತಿರುಗಿಸಿಕೊಳ್ಳುತ್ತದೆ. ಮಿಲ್ಲಿನಲ್ಲಿ ಟರ್ಬೈನ್ ದಾಟಿ ಬರುವ ಎಕ್ಸಾಸ್ಟ್ ಸ್ಟೀಮ್ ಇದಕ್ಕೆ ಸರಿಯಾಗಿ ಒಪ್ಪುತ್ತದೆ. ತಾಮ್ರ–ಕ್ಲೋರಿನ್‌ಗಿಂತ ಮೊದಲು ನಮ್ಮ ಮಿಲ್ಲುಗಳಿಗೆ ಬರುವುದು ಬಹುಶಃ ಇದೇ. ಸದ್ಯ ಬೆಲೆ ಜಾಸ್ತಿ, ಪದೇಪದೇ ಆರಿಸಿ ಹೊತ್ತಿಸಿದರೆ ಸೆರಾಮಿಕ್ ಪದರ ಬೇಗ ಹಾಳಾಗುತ್ತದೆ.

ಒಂದು ಎಚ್ಚರಿಕೆ ಮಾತ್ರ ಬಿಡಬೇಡಿ. ಗ್ರಿಡ್ ಕರೆಂಟ್‌ನಿಂದ ಮಾಡಿದ ಹೈಡ್ರೋಜನ್ ಶುದ್ಧವಲ್ಲ. ನಮ್ಮ ದೇಶದ ಗ್ರಿಡ್‌ನಲ್ಲಿ ಒಂದು ಯೂನಿಟ್‌ಗೆ ಸುಮಾರು 0.7 ಕೆಜಿ ಕಾರ್ಬನ್ ಡೈಆಕ್ಸೈಡ್ ಬೀಳುತ್ತದೆ. 52 ಯೂನಿಟ್‌ಗೆ 36 ಕೆಜಿ ಆಯಿತು. ನೈಸರ್ಗಿಕ ಅನಿಲದಿಂದ ಹಳೆಯ ವಿಧಾನದಲ್ಲಿ ತೆಗೆದರೂ 9–10 ಕೆಜಿಯಷ್ಟೇ ಬರುವುದು. 2023ರಲ್ಲಿ ಕೇಂದ್ರ ಸರ್ಕಾರ ಗೊತ್ತುಮಾಡಿದ ಹಸಿರು ಹೈಡ್ರೋಜನ್‌ನ ಮಿತಿ ಒಂದು ಕೆಜಿ ಹೈಡ್ರೋಜನ್ನಿಗೆ 2 ಕೆಜಿ ಕಾರ್ಬನ್ ಡೈಆಕ್ಸೈಡ್. ಸ್ವಂತ ಸೋಲಾರ್, ಗಾಳಿ ಅಥವಾ ಅವುಗಳ ಒಪ್ಪಂದದ ಕರೆಂಟ್ ಇಲ್ಲದಿದ್ದರೆ ಈ ದಾರಿ ಹಿಡಿಯುವುದೇ ಬೇಡ.

ನೀರಿನ ಭಯ ಅನಗತ್ಯ. ದಿನಕ್ಕೆ ಒಂದು ಟನ್ ಹೈಡ್ರೋಜನ್ ತೆಗೆದರೂ ಒಡೆಯುವ ನೀರು 9 ಸಾವಿರ ಲೀಟರ್, ಹೆಚ್ಚುಕಡಿಮೆ ಒಂದು ಟ್ಯಾಂಕರ್. ಶುದ್ಧೀಕರಣ, ತಂಪು ಮಾಡುವುದು ಸೇರಿದರೆ ಅದರ ಎರಡು ಮೂರು ಪಟ್ಟು. ಕಬ್ಬಿನಲ್ಲೇ ನೂರಕ್ಕೆ 70 ಪಾಲು ನೀರಿದೆ, ದಿನಕ್ಕೆ ಐದು ಸಾವಿರ ಟನ್ ನುರಿಸುವ ಕಾರ್ಖಾನೆಗೆ ಆಲಮಟ್ಟಿಯ ಕಡೆ ಕೈ ಚಾಚುವ ಅಗತ್ಯವೇ ಬೀಳದು.

ಬಗಾಸ್ ದಾರಿ

ಬಗಾಸ್ ಅಂದರೆ ರಸ ಹಿಂಡಿದ ಮೇಲೆ ಉಳಿಯುವ ಕಬ್ಬಿನ ಸಿಪ್ಪೆ. ಕಬ್ಬಿನ ನಾಡಿಗೆ ನಾನು ಮೊದಲು ಹೇಳುವುದು ಈ ದಾರಿಯನ್ನೇ. ಇದು ಹೆಸರಿಗೆ ನೀರು ಒಡೆಯುವ ವಿಧಾನವಲ್ಲ, ಆದರೆ ಕೆಲಸದಲ್ಲಿ ಅರ್ಧ ಅದೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊಫೆಸರ್ ಎಸ್. ದಾಸಪ್ಪ ಅವರ ತಂಡ ಆಮ್ಲಜನಕ ಮತ್ತು ಹಬೆ ಕೊಟ್ಟು ಬಯೋಮಾಸ್ (ಕಟ್ಟಿಗೆ, ಸಿಪ್ಪೆಯಂಥ ಜೈವಿಕ ಪದಾರ್ಥ) ಅನ್ನು ಅನಿಲ ಮಾಡುವ ವಿಧಾನ ಬೆಳೆಸಿದೆ. ಹೀಗೆ ಅನಿಲ ಮಾಡುವ ಕುಲುಮೆಯೇ ಗ್ಯಾಸಿಫೈಯರ್. ಒಂದು ಕೆಜಿ ಬಯೋಮಾಸ್‌ನಲ್ಲಿ ಇರುವ ಹೈಡ್ರೋಜನ್ ಸುಮಾರು 60 ಗ್ರಾಂ. ಅವರಿಗೆ ಸಿಗುತ್ತಿರುವುದು 100 ಗ್ರಾಂ. ಮಿಕ್ಕ 40 ಗ್ರಾಂ ಬಂದದ್ದು ಹಬೆಯಿಂದ. ನೀರೇ ಒಡೆದಿದೆ, ಅಲ್ವಾ? ಕೆಂಡವೇ ಆಮ್ಲಜನಕ ಎಳೆದುಕೊಂಡಿದೆ, ಅಯೋಡಿನ್ ಬೇಕಾಗಿಲ್ಲ.

ಲೆಕ್ಕ ಹಾಕಿ ನೋಡಿ. ಮಿಲ್ಲಿನಿಂದ ಬರುವ ಹಸಿ ಬಗಾಸ್‌ನಲ್ಲಿ ಅರ್ಧ ನೀರೇ. ಅದನ್ನು ಬಾಯ್ಲರ್‌ಗೆ ಹಾಕಿದರೆ ಕೆಜಿಗೆ ಹೆಚ್ಚುಕಡಿಮೆ ಅರ್ಧ ಯೂನಿಟ್ ಕರೆಂಟ್. ಆ ಕರೆಂಟಿನಿಂದ ಒಂದು ಕೆಜಿ ಹೈಡ್ರೋಜನ್ ತೆಗೆಯಲು 100 ಕೆಜಿಗೂ ಮೇಲೆ ಹಸಿ ಬಗಾಸ್ ಹೋಗುತ್ತದೆ. ಅದೇ ಬಗಾಸ್ ಒಣಗಿಸಿ ಗ್ಯಾಸಿಫೈಯರ್‌ಗೆ ಹಾಕಿದರೆ, ದಾಸಪ್ಪ ಅವರ ತಂಡದ ಪ್ರಮಾಣ ಹಿಡಿದರೆ, ಒಣಗಿದ್ದು 10 ಕೆಜಿ, ಹಸಿ ಲೆಕ್ಕದಲ್ಲಿ 20 ಕೆಜಿ ಸಾಕು. ಐದು ಪಟ್ಟು ವ್ಯತ್ಯಾಸ. ಒಣಗಿಸಲು ಚಿಮಣಿಗೆ ಹೋಗುವ ಬಿಸಿ ಹೊಗೆಯನ್ನೇ ಬಳಸಬಹುದು.

ತೊಂದರೆ ಇಲ್ಲವೆಂದಲ್ಲ. ಬಗಾಸ್ ಹಗುರ, ಉಂಡೆಕಟ್ಟದೆ ಹಾಕಿದರೆ ಗ್ಯಾಸಿಫೈಯರ್‌ನಲ್ಲಿ ಸರಿಯಾಗಿ ಇಳಿಯುವುದಿಲ್ಲ. ಡಾಂಬರಿನಂಥ ಅಂಟು ಟಾರ್ ಬರುತ್ತದೆ. ಆಮ್ಲಜನಕದ ಘಟಕ ಬೇಕು, ಅನಿಲ ಸೋಸುವ ಘಟಕ ಬೇಕು. ಆದರೆ ಉಂಡೆ ಮಾಡಿ ಗೋದಾಮಿನಲ್ಲಿಟ್ಟರೆ ಹಂಗಾಮು ಮುಗಿದ ಮೇಲೂ ಓಡಿಸಬಹುದು. ಸರ್ಕಾರದ ವ್ಯಾಖ್ಯೆಯಲ್ಲಿ ಬಯೋಮಾಸ್‌ನಿಂದ ಬಂದದ್ದೂ ಹಸಿರು ಹೈಡ್ರೋಜನ್ನೇ, 2 ಕೆಜಿ ಮಿತಿ ದಾಟದಿದ್ದರೆ ಆಯಿತು.

ಯಾರಿಗೆ ಯಾವುದು

ಸಕ್ಕರೆ ಕಾರ್ಖಾನೆಗೆ ಬಗಾಸ್ ಗ್ಯಾಸಿಫೈಯರ್ ಮೊದಲು, ಘನ ಆಕ್ಸೈಡ್ ಎಲೆಕ್ಟ್ರೊಲೈಸರ್ ಮುಂದೆ. ಗಾಳಿ ಗಿರಣಿ, ಸೋಲಾರ್ ಇರುವವರಿಗೆ ಆಲ್ಕಲೈನ್ ಅಥವಾ ಪೆಮ್. ಇಂಜಿನಿಯರಿಂಗ್ ಕಾಲೇಜಿನ ಹುಡುಗರು ಪ್ರಾಜೆಕ್ಟ್‌ಗೆ ಥರ್ಮೋಕೆಮಿಕಲ್ ತೆಗೆದುಕೊಂಡರೆ ತಪ್ಪೇನಿಲ್ಲ, ಆದರೆ ಇಡೀ ಚಕ್ರ ಬೇಡ. ತಾಮ್ರದ ಕ್ಲೋರೈಡ್‌ಗೆ ಹಬೆ ಹಾಯಿಸುವ ಹಂತವೊಂದನ್ನೇ ಹಿಡಿಯಿರಿ. ಅಲ್ಲಿ ಹಬೆ ಅಗತ್ಯಕ್ಕಿಂತ ಎಷ್ಟು ಪಟ್ಟು ಜಾಸ್ತಿ ಕೊಡಬೇಕು ಎನ್ನುವುದೇ ದೊಡ್ಡ ಪ್ರಶ್ನೆ, ಅದರ ಮೇಲೆ ಇಡೀ ಚಕ್ರದ ದಕ್ಷತೆ ನಿಂತಿದೆ. ಕೆಲಸ ಆಮ್ಲದ ಹಬೆಯಲ್ಲಿ, ವಿಷದ ಹೊಗೆಯನ್ನು ಹೊರಗೆಳೆಯುವ ಫ್ಯೂಮ್ ಹುಡ್ ಇಲ್ಲದ ಲ್ಯಾಬ್‌ನಲ್ಲಿ ಕೈ ಹಾಕಬೇಡಿ.

ಬೆಳಗಾವಿಯ ಉದ್ಯಮಬಾಗ್‌ನಲ್ಲಿ ಹೀಟ್ ಟ್ರೀಟ್‌ಮೆಂಟ್‌ಗೆ ಆಗೊಮ್ಮೆ ಈಗೊಮ್ಮೆ ಹೈಡ್ರೋಜನ್ ಬೇಕಾಗುವವರು ಸಿಲಿಂಡರ್ ತರಿಸುವುದೇ ಲೇಸು. 47 ಲೀಟರಿನ ಸಿಲಿಂಡರ್ 150 ಬಾರ್ ಒತ್ತಡದಲ್ಲಿ ಸುಮಾರು 6 ಘನ ಮೀಟರ್ ಅನಿಲ ಹಿಡಿಯುತ್ತದೆ. ತೂಕ ಅರ್ಧ ಕೆಜಿ ಚಿಲ್ಲರೆ. ಅದನ್ನು ಹೊರುವ ಉಕ್ಕು ಮಾತ್ರ ಐವತ್ತು ಕೆಜಿಗೂ ಮೇಲೆ. ಗಾಳಿಯಲ್ಲಿ ನೂರಕ್ಕೆ 4ರಿಂದ 75ರವರೆಗೆ ಸೇರಿದ್ದರೂ ಹೊತ್ತಿಕೊಳ್ಳುವ ಅನಿಲ ಇದು, ಹಗಲಲ್ಲಿ ಉರಿ ಕಣ್ಣಿಗೆ ಬೀಳುವುದಿಲ್ಲ. ಶೆಡ್‌ನ ನೆತ್ತಿ ತೆರೆದಿರಲಿ.

ಉಳಿದದ್ದು ಗಿರಾಕಿ. ಹೈಡ್ರೋಜನ್ ದೊಡ್ಡ ಮಟ್ಟದಲ್ಲಿ ಬೇಕಾಗುವುದು ತೈಲ ಶುದ್ಧೀಕರಣಕ್ಕೆ ಮತ್ತು ಅಮೋನಿಯಕ್ಕೆ. ನಮ್ಮ ರಾಜ್ಯದಲ್ಲಿ ಆ ಎರಡೂ ಇರುವುದು ಮಂಗಳೂರಿನಲ್ಲಿ, ಘಟ್ಟದ ಕೆಳಗೆ. 200 ಬಾರ್‌ನ ಉಕ್ಕಿನ ಟ್ಯೂಬ್ ಹೊತ್ತ ಟ್ರೇಲರ್ ಒಂದು ಸಲಕ್ಕೆ ಸಾಗಿಸುವುದು 300–400 ಕೆಜಿ. ದಿನಕ್ಕೊಂದು ಟನ್ ತೆಗೆದರೆ ದಿನಾ ಮೂರು ಟ್ರೇಲರ್ ಘಟ್ಟ ಇಳಿಯಬೇಕು, ಖಾಲಿಯಾಗಿ ಹತ್ತಬೇಕು. ಆದ್ದರಿಂದ ಯಾವ ದಾರಿ ಆಯ್ದುಕೊಂಡರೂ ಯಂತ್ರಕ್ಕೆ ಮುಂಗಡ ಕೊಡುವ ಮೊದಲು ಸುತ್ತಲಿನ ಐವತ್ತು ಕಿಲೋಮೀಟರ್ ಒಳಗೆ ಯಾರು, ತಿಂಗಳಿಗೆ ಎಷ್ಟು ಕೆಜಿ, ಯಾವ ಶುದ್ಧತೆಯದ್ದು ಕೊಳ್ಳುತ್ತಾರೆ ಎಂದು ಬರಹದಲ್ಲಿ ತೆಗೆದುಕೊಳ್ಳಿ.